ಮರುಕಳಿಸಿದ ಕಾಯಿಲೆ ಮುರಿದ ಮಾತಲ್ಲ

ಮನೆಯಲ್ಲಿ ಒಬ್ಬರಿಗೆ ಟೈಫಾಯ್ಡ್ ಬಂದು ಗುಣವಾಯಿತೆನ್ನಿ. ಕೆಲವು ವಾರಗಳ ಬಳಿಕ ಮತ್ತೆ ಜ್ವರ ಕಾಣಿಸಿಕೊಂಡರೆ ನಾವೇನು ಮಾಡುತ್ತೇವೆ? ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯುತ್ತೇವೆ. ಗಂಜಿ ಕಾಯಿಸಿ ಕೊಡುತ್ತೇವೆ. ಹಣೆಯ ಮೇಲೆ ಕೈಯಿಟ್ಟು ದುಆ ಮಾಡುತ್ತೇವೆ. ‘ಇನ್ನು ಜ್ವರ ಬರುವುದಿಲ್ಲವೆಂದು ಮಾತು ಕೊಟ್ಟಿದ್ದೆಯಲ್ಲ, ಎಲ್ಲಿ ಹೋಯಿತು ಆ ಮಾತು?’ ಎಂದು ರೋಗಿಯನ್ನು ತರಾಟೆಗೆ ತೆಗೆದುಕೊಳ್ಳುವವರು ಯಾರೂ ಇಲ್ಲ.

ಆದರೆ ಕಾಯಿಲೆ ಮನಸ್ಸಿಗೆ ಸಂಬಂಧಿಸಿದ್ದಾದರೆ, ಅದರಲ್ಲೂ ಅನ್ನದ ತಟ್ಟೆಯ ಸುತ್ತ ಸುತ್ತುವಂಥದ್ದಾದರೆ, ನಮ್ಮ ಧಾಟಿಯೇ ಬೇರೆ. ಮೊದಲ ಬಾರಿ ಕಾಯಿಲೆ ಬಿದ್ದಾಗ ಹೇಗೋ ಸಹಿಸಿಕೊಳ್ಳುತ್ತೇವೆ. ಗುಣವಾದಾಗ ಅಲ್‌ಹಮ್ದುಲಿಲ್ಲಾಹ್ ಎನ್ನುತ್ತೇವೆ. ಎರಡನೆಯ ಬಾರಿ, ಮೂರನೆಯ ಬಾರಿ ಅದು ಮರಳಿ ಬಂದಾಗ ನಮ್ಮ ಬಾಯಿಯಿಂದ ಹೊರಡುವುದು ದುಆ ಅಲ್ಲ, ದೂರು. ‘ಇವಳಿಗೆ ಹಠ’, ‘ಇವನಿಗೆ ಮನೋಬಲವಿಲ್ಲ’, ‘ಈಮಾನ್ ಗಟ್ಟಿಯಿದ್ದರೆ ಹೀಗಾಗುತ್ತಿತ್ತೇ?’

ಈ ಕೊನೆಯ ಮಾತನ್ನೇ ನಾವು ಇಲ್ಲಿ ಪರಿಶೀಲಿಸಬೇಕಾಗಿದೆ. ಗುಣಮುಖನಾಗುತ್ತಿದ್ದ ಮನುಷ್ಯ ಮತ್ತೆ ಬಿದ್ದರೆ ಅದು ನೈತಿಕ ಸೋಲೇ? ಅದು ಅಲ್ಲಾಹನೊಂದಿಗೆ, ಮನೆಯವರೊಂದಿಗೆ ಮಾಡಿದ ಕರಾರಿನ ಉಲ್ಲಂಘನೆಯೇ? ಅಥವಾ ನಾವು ಒಂದು ಹೆಸರಿನಿಂದ ಕರೆಯಬೇಕಾದುದನ್ನು ಇನ್ನೊಂದು ಹೆಸರಿನಿಂದ ಕರೆಯುತ್ತಿದ್ದೇವೆಯೇ?

ಇದೆಂತಹ ಕಾಯಿಲೆ?

ಓದುಗರಲ್ಲಿ ಅನೇಕರಿಗೆ ಇದು ಹೊಸ ವಿಷಯವೆನಿಸಬಹುದು. ‘ಅನ್ನವಿಲ್ಲದೆ ಸಾಯುವವರಿರುವ ಲೋಕದಲ್ಲಿ ಅನ್ನವಿದ್ದೂ ಉಣ್ಣದಿರುವುದು ಒಂದು ಕಾಯಿಲೆಯೇ?’ ಎಂದು ಕೇಳುವವರಿದ್ದಾರೆ. ಹೌದು, ಕಾಯಿಲೆಯೇ. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಶಾರ್ಲ್ ಲಾಸೆಗ್ ಎಂಬ ವೈದ್ಯರು ಬೇರೆ ಬೇರೆಯಾಗಿಯೇ ಇದನ್ನು ವಿವರಿಸಿದರು. ಊಟವನ್ನು ತೊರೆಯುತ್ತಾ ತೊರೆಯುತ್ತಾ ದೇಹ ಕೃಶವಾದರೂ ತಾನಿನ್ನೂ ದಪ್ಪಗಿದ್ದೇನೆಂಬ ಭಯ ಬಿಡದಿರುವ ಈ ರೋಗಕ್ಕೆ ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರು ನಿಂತಿತು. ಹತೋಟಿ ತಪ್ಪಿ ಉಂಡು, ಬಳಿಕ ನಾಚಿಕೆಯಿಂದ ಅದನ್ನು ಹೊರಹಾಕಲು ಯತ್ನಿಸುವ ಇನ್ನೊಂದು ರೂಪವನ್ನು 1979ರಲ್ಲಿ ಲಂಡನ್ನಿನ ಜೆರಾಲ್ಡ್ ರಸೆಲ್ ಬುಲಿಮಿಯಾ ನರ್ವೋಸಾ ಎಂದು ಕರೆದರು. ಹೊರಹಾಕುವ ಯತ್ನವಿಲ್ಲದೆ ಹತೋಟಿ ತಪ್ಪಿ ಉಣ್ಣುವ ಕಾಯಿಲೆಯೂ ಇದೆ.

ಇದು ಶ್ರೀಮಂತ ಮನೆಯ ಹುಡುಗಿಯರ ಖಯಾಲಿಯೆಂಬ ನಂಬಿಕೆ ನಮ್ಮಲ್ಲಿದೆ. ಅದು ಸರಿಯಲ್ಲ. ಗಂಡಸರಿಗೂ ಬರುತ್ತದೆ, ಬಡವರಿಗೂ ಬರುತ್ತದೆ. ಹದಿಹರೆಯದಲ್ಲಿ ಆರಂಭವಾಗಿ ಮದುವೆ, ಹೆರಿಗೆ, ಸಂಸಾರ ಎಲ್ಲವನ್ನೂ ದಾಟಿ ನಲವತ್ತು, ಐವತ್ತರ ವಯಸ್ಸಿನವರೆಗೆ ಹಿಂಬಾಲಿಸುವುದೂ ಉಂಟು. ಅಮೆರಿಕದ ಪ್ರಸಿದ್ಧ ಗಾಯಕಿ ಕ್ಯಾರೆನ್ ಕಾರ್ಪೆಂಟರ್ ವರ್ಷಗಟ್ಟಲೆ ಈ ರೋಗದಿಂದ ನರಳಿ, ಚಿಕಿತ್ಸೆ ಪಡೆದು, ತೂಕವೂ ಮರಳಿ ಬರುತ್ತಿದ್ದ ಹಂತದಲ್ಲಿ 1983ರಲ್ಲಿ ಹೃದಯ ನಿಂತು ತೀರಿಕೊಂಡರು. ಆಗ ಅವರಿಗೆ 32 ವರ್ಷ. ಮನೋರೋಗಗಳ ಪೈಕಿ ಅತಿ ಹೆಚ್ಚು ಜೀವಹಾನಿ ಮಾಡುವ ರೋಗಗಳಲ್ಲಿ ಅನೊರೆಕ್ಸಿಯಾ ಒಂದು. ಆ ಸಾವುಗಳೆಲ್ಲ ಬರೇ ಹಸಿವಿನವಲ್ಲ. ಹಲವು ಅಧ್ಯಯನಗಳನ್ನು ಕ್ರೋಡೀಕರಿಸಿ 2011ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಅನೊರೆಕ್ಸಿಯಾ ಇದ್ದು ಸತ್ತವರಲ್ಲಿ ಐವರಲ್ಲೊಬ್ಬರು ಆತ್ಮಹತ್ಯೆ ಮಾಡಿಕೊಂಡವರು. ‘ಇವಳಿಗೆ ಹಠ’ ಎಂಬ ನಮ್ಮ ಮಾತು ಎಂತಹ ಅಂಚಿನಲ್ಲಿ ನಿಂತವರ ಕಿವಿಗೆ ಬೀಳುತ್ತಿದೆಯೆಂಬುದನ್ನು ಯೋಚಿಸಿರಿ.

ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಮದ್ದು ಬೇಕು ಎಂಬುದು ಪಾಶ್ಚಾತ್ಯರಿಂದ ನಾವು ಸಾಲ ತಂದ ವಿಚಾರವಲ್ಲ. ಕ್ರಿ.ಶ. 934ರಲ್ಲಿ ನಿಧನರಾದ ವಿದ್ವಾಂಸ ಅಬೂ ಝೈದ್ ಅಲ್‌ಬಲ್ಖೀಯವರು ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಕುರಿತು ಒಂದೇ ಗ್ರಂಥ ಬರೆದರು. ಒಂದಕ್ಕೆ ನೋವಾದರೆ ಇನ್ನೊಂದು ನರಳುತ್ತದೆಂದೂ, ವೈದ್ಯರು ದೇಹವನ್ನು ಮಾತ್ರ ನೋಡಿ ಮನಸ್ಸನ್ನು ಮರೆಯಬಾರದೆಂದೂ ಅವರು ವಾದಿಸಿದರು. ಸಾವಿರ ವರ್ಷಗಳ ಹಿಂದೆ ನಮ್ಮವರೇ ತಿಳಿದಿದ್ದ ಸಂಗತಿಯನ್ನು ಇಂದು ನಾವು ಮರೆತಿದ್ದೇವೆ.

ಹಸಿವು ಮನಸ್ಸಿಗೆ ಮಾಡುವುದೇನು?

ಮನೋಬಲದ ಮಾತಾಡುವವರು ತಿಳಿದಿರಬೇಕಾದ ಒಂದು ಪ್ರಯೋಗವಿದೆ. ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ, ಯುರೋಪಿನ ಹಸಿದ ಜನರಿಗೆ ಮತ್ತೆ ಊಟ ಕೊಡುವುದು ಹೇಗೆಂದು ತಿಳಿಯಲು, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಯುವಕರನ್ನು ಆರಿಸಿಕೊಂಡರು. ದೇಹದಲ್ಲೂ ಮನಸ್ಸಿನಲ್ಲೂ ಗಟ್ಟಿಗರೆಂದು ಪರೀಕ್ಷಿಸಿಯೇ ಆರಿಸಿದವರು ಅವರು. ಆತ್ಮಸಾಕ್ಷಿಯ ಕಾರಣಕ್ಕೆ ಯುದ್ಧದಲ್ಲಿ ಆಯುಧ ಹಿಡಿಯಲು ನಿರಾಕರಿಸಿ, ಬದಲಾಗಿ ಈ ಕಷ್ಟಕ್ಕೆ ಸ್ವಇಚ್ಛೆಯಿಂದ ಮುಂದೆ ಬಂದವರು. ಮನೋಬಲಕ್ಕೆ ಕೊರತೆಯಿದ್ದವರಲ್ಲ. 1945ರಲ್ಲಿ ಸುಮಾರು ಆರು ತಿಂಗಳ ಕಾಲ ಅವರಿಗೆ ಅರೆಹೊಟ್ಟೆ ಊಟ ನೀಡಲಾಯಿತು.

ಏನಾಯಿತು? ಅವರ ಯೋಚನೆಯೆಲ್ಲ ಊಟದ ಸುತ್ತಲೇ ಸುತ್ತತೊಡಗಿತು. ಅಡುಗೆ ಪುಸ್ತಕಗಳನ್ನು ಓದುತ್ತಾ ಕೂತರು. ಗೆಳೆಯರಿಂದ ದೂರವಾದರು, ಸಣ್ಣದಕ್ಕೂ ಸಿಡುಕಿದರು, ಖಿನ್ನರಾದರು. ಇನ್ನೂ ಮುಖ್ಯವಾದುದೆಂದರೆ, ಊಟ ಮತ್ತೆ ಸಿಗತೊಡಗಿದ ಮೇಲೂ ಮನಸ್ಸು ಕೂಡಲೇ ಸರಿಹೋಗಲಿಲ್ಲ. ಎಷ್ಟು ಉಂಡರೂ ತೃಪ್ತಿಯಿಲ್ಲದೆ ಕೆಲವರು ತಿಂಗಳುಗಟ್ಟಲೆ ಒದ್ದಾಡಿದರು.

ಆರು ತಿಂಗಳ ಅರೆಹೊಟ್ಟೆ ಆರೋಗ್ಯವಂತ ಯುವಕರನ್ನು ಹೀಗೆ ಮಾಡಿತಾದರೆ, ಹತ್ತು ವರ್ಷ ಈ ಕಾಯಿಲೆಯಲ್ಲಿ ಕಳೆದ ಒಬ್ಬ ತಾಯಿಯ ಸ್ಥಿತಿ ಹೇಗಿರಬೇಡ? ನಾವು ‘ಸ್ವಭಾವ’ ಎಂದು ಬಯ್ಯುವ ಎಷ್ಟೋ ಸಂಗತಿಗಳು, ಆ ಸಿಡುಕು, ಆ ಮೌನ, ಆ ಮುಚ್ಚುಮರೆ, ಹಸಿದ ಮಿದುಳಿನ ಲಕ್ಷಣಗಳಾಗಿರಬಹುದು. ರೋಗ ಮರಳಿ ಬಂದು ಊಟ ಕಡಿಮೆಯಾದ ಕೂಡಲೇ ಆ ಮಿದುಳೂ ಮರಳಿ ಬರುತ್ತದೆ. ಯಾವ ಶಕ್ತಿಯಿಂದ ರೋಗದೊಂದಿಗೆ ಹೋರಾಡಬೇಕೋ ಆ ಶಕ್ತಿಯನ್ನೇ ಈ ರೋಗ ಮೊದಲು ಕಸಿಯುತ್ತದೆ.

ದಾರಿ ಎಷ್ಟು ಉದ್ದ?

ನಮ್ಮ ಇನ್ನೊಂದು ತಪ್ಪುಕಲ್ಪನೆ ಸಮಯದ್ದು. ಆಸ್ಪತ್ರೆಯಿಂದ ಮನೆಗೆ ಬಂದರೆ ರೋಗ ಮುಗಿಯಿತೆಂದು ತಿಳಿಯುತ್ತೇವೆ. ವಾಸ್ತವದಲ್ಲಿ ಅನೊರೆಕ್ಸಿಯಾ ಚಿಕಿತ್ಸೆಯ ಬಳಿಕ ಸುಮಾರು ಮೂವರಲ್ಲೊಬ್ಬರಿಗೆ ಅದು ಮರುಕಳಿಸುತ್ತದೆ. ಮನೆಗೆ ಬಂದ ಮೊದಲ ಒಂದೆರಡು ವರ್ಷಗಳಲ್ಲೇ ಅದರ ಅಪಾಯ ಹೆಚ್ಚು. ಅಂದರೆ ನಾವು ಕಾವಲು ಸಡಿಲಿಸುವ ಹೊತ್ತಿಗೇ ರೋಗ ಬಾಗಿಲು ತಟ್ಟುತ್ತದೆ. ಆ ಬಳಿಕವೂ ಹೆರಿಗೆ, ಹೆತ್ತವರ ಮರಣ, ಕೆಲಸದ ಒತ್ತಡ, ಮಗಳ ಮದುವೆಯ ಓಡಾಟ, ಇನ್ನಾವುದೋ ಕಾಯಿಲೆಯಿಂದ ತೂಕ ಇಳಿದದ್ದು, ಹೀಗೆ ಯಾವುದೂ ಅದಕ್ಕೆ ನೆಪವಾಗಬಹುದು.

ಇದನ್ನು ಕೇಳಿ ನಿರಾಶರಾಗಬೇಡಿ. ಅಮೆರಿಕದ ಬೋಸ್ಟನ್‌ನಲ್ಲಿ ಅನೊರೆಕ್ಸಿಯಾ ಅಥವಾ ಬುಲಿಮಿಯಾ ಇದ್ದ 246 ಮಂದಿ ಸ್ತ್ರೀಯರನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಂಬಾಲಿಸಿ ನೋಡಿದ ಅಧ್ಯಯನವೊಂದರ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಅನೊರೆಕ್ಸಿಯಾ ಇದ್ದವರ ಪೈಕಿ ಒಂಬತ್ತು ವರ್ಷಗಳಾದಾಗ ಗುಣವಾಗಿದ್ದವರು ನೂರಕ್ಕೆ ಸುಮಾರು 31 ಮಂದಿ ಮಾತ್ರ. ಅಲ್ಲಿಗೇ ನಿಲ್ಲಿಸಿ ಲೆಕ್ಕ ಹಾಕಿದ್ದರೆ ಏನನ್ನುತ್ತಿದ್ದೆವು? ‘ಒಂಬತ್ತು ವರ್ಷವಾಯಿತು, ಇನ್ನು ಇವರು ಸರಿಹೋಗುವವರಲ್ಲ’ ಎನ್ನುತ್ತಿದ್ದೆವು. ಆದರೆ ಸುಮಾರು 22 ವರ್ಷಗಳಾದಾಗ ಗುಣವಾದವರ ಸಂಖ್ಯೆ ನೂರಕ್ಕೆ 63ರಷ್ಟಾಗಿತ್ತು. ಜನ ಕೈಬಿಟ್ಟಿರಬಹುದಾದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆ ಬಳಿಕ ಎದ್ದು ನಿಂತರು. ಬುಲಿಮಿಯಾ ಇದ್ದವರಲ್ಲಿ ಒಂಬತ್ತನೇ ವರ್ಷಕ್ಕೇ ನೂರಕ್ಕೆ 68ರಷ್ಟು ಗುಣ ಕಂಡಿತ್ತು, 22ನೇ ವರ್ಷದಲ್ಲೂ ಅದು ಅಷ್ಟೇ ಇತ್ತು. ಎಲ್ಲರೂ ಗುಣವಾಗಲಿಲ್ಲ ಎಂಬುದೂ ಸತ್ಯ. ಕೆಲವರು ಈ ರೋಗದೊಂದಿಗೇ ಬಾಳಬೇಕಾಗುತ್ತದೆ, ಅವರಿಗೂ ನಮ್ಮ ಆಸರೆ ಬೇಕು. ಆದರೆ ಹತ್ತನೇ ವರ್ಷದಲ್ಲಿ ಒಬ್ಬ ಮನುಷ್ಯನ ಮೇಲೆ ‘ಮುಗಿಯಿತು’ ಎಂದು ಬರೆಯುವ ಅಧಿಕಾರ ನಮಗಾರಿಗೂ ಇಲ್ಲ.

ಹಝ್ರತ್ ಅಯ್ಯೂಬ್(ಅ)ರ ಚರಿತ್ರೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಅವರ ಸಹನೆಯನ್ನು ಕೊಂಡಾಡುತ್ತೇವೆ. ಆದರೆ ಆ ಸಹನೆಯೆಂದರೆ ಬಾಯಿ ಮುಚ್ಚಿ ಕೂರುವುದಾಗಿರಲಿಲ್ಲ. ತನಗೆ ಸಂಕಟ ತಟ್ಟಿದೆಯೆಂದು ಅವರು ತಮ್ಮ ಪ್ರಭುವಿನ ಮುಂದೆ ಮೊರೆಯಿಟ್ಟರೆಂದು ಸೂರಃ ಅಲ್‌ಅಂಬಿಯಾದಲ್ಲಿದೆ. ನೋವನ್ನು ಹೇಳಿಕೊಳ್ಳುವುದು ಸಹನೆಗೆ ವಿರುದ್ಧವಲ್ಲ. ದೀರ್ಘ ಕಾಯಿಲೆ ಈಮಾನ್ ಇಲ್ಲದಿರುವುದರ ಗುರುತೂ ಅಲ್ಲ. ಅಂತಹ ಗುರುತಾಗಿದ್ದರೆ ಅದು ಪ್ರವಾದಿಯೊಬ್ಬರ ಬಳಿ ಸುಳಿಯುತ್ತಿತ್ತೇ?

ಮಾತು, ಆಣೆ ಮತ್ತು ಸಾಮರ್ಥ್ಯ

ಈಗ ಮೂಲ ಪ್ರಶ್ನೆಗೆ ಬರೋಣ. ಒಂದು ಮನೆಯನ್ನು ಊಹಿಸಿಕೊಳ್ಳಿ. ಎರಡು ಮಕ್ಕಳ ತಾಯಿಯೊಬ್ಬಳು ಕಾಯಿಲೆಯಿಂದ ಚೇತರಿಸಿಕೊಂಡಿದ್ದಾಳೆ. ಮನೆಯವರು ಪ್ರೀತಿಯಿಂದಲೇ ಆಕೆಯನ್ನು ಕೂರಿಸಿ, ‘ಇನ್ನು ಊಟ ಬಿಡುವುದಿಲ್ಲವೆಂದು ಕುರ್‌ಆನ್ ಮುಟ್ಟಿ ಆಣೆ ಮಾಡು’ ಎನ್ನುತ್ತಾರೆ. ಆಕೆ ಮಾಡುತ್ತಾಳೆ. ಆ ಕ್ಷಣದಲ್ಲಿ ಮನಃಪೂರ್ವಕವಾಗಿಯೇ ಮಾಡುತ್ತಾಳೆ. ಎಂಟು ತಿಂಗಳ ಬಳಿಕ ರೋಗ ಮರುಕಳಿಸುತ್ತದೆ. ಈಗ ಆಕೆಯ ಹೆಗಲ ಮೇಲೆ ಹೊರೆ ಒಂದಲ್ಲ, ಮೂರು: ರೋಗ, ಆಣೆ ಮುರಿದ ಭಯ ಮತ್ತು ಅದನ್ನು ಬಚ್ಚಿಡಬೇಕಾದ ಅನಿವಾರ್ಯತೆ. ಈ ಮೂರನೆಯದೇ ಅತಿ ಅಪಾಯಕಾರಿ. ಏಕೆಂದರೆ ಬಚ್ಚಿಟ್ಟ ಕಾಯಿಲೆಗೆ ಮದ್ದು ತಲುಪುವುದಿಲ್ಲ. ಮನೆಯವರು ಕಾವಲಿಗೆಂದು ಕಟ್ಟಿದ ಗೋಡೆ ರೋಗಕ್ಕೇ ಮರೆಯಾಯಿತು.

ಮಾತೆಂಬುದು ಮನುಷ್ಯನ ಹಿಡಿತದಲ್ಲಿರುವ ವಿಷಯಕ್ಕೆ ಮಾತ್ರ ಕಟ್ಟುಬೀಳಬಲ್ಲದು. ನಾಳೆ ಮಳೆ ಬಾರದಂತೆ ನೋಡಿಕೊಳ್ಳುತ್ತೇನೆಂದು ಆಣೆ ಮಾಡಿದವನನ್ನು ಮಳೆ ಬಂದಾಗ ಮೋಸಗಾರನೆನ್ನಲಾದೀತೇ? ಯಾವ ಜೀವದ ಮೇಲೂ ಅದರ ಸಾಮರ್ಥ್ಯವನ್ನು ಮೀರಿದ ಹೊಣೆಯನ್ನು ಅಲ್ಲಾಹನು ಹೊರಿಸುವುದಿಲ್ಲ ಎಂಬುದು ಸೂರಃ ಅಲ್‌ಬಕರಃದ ಕೊನೆಯಲ್ಲಿ ನಮಗೆ ಸಿಗುವ ಮೂಲತತ್ವ. ಅಲ್ಲಾಹನೇ ಹೊರಿಸದ ಹೊರೆಯನ್ನು ಅವನ ಗ್ರಂಥವನ್ನೇ ಮುಟ್ಟಿಸಿ ನಾವು ಹೊರಿಸುವುದು ಎಷ್ಟು ಸರಿ? ಇನ್ನು ಆಣೆ ಮುರಿದರೂ ಬಾಗಿಲು ಮುಚ್ಚಿಲ್ಲ. ಅದಕ್ಕೆ ಪ್ರಾಯಶ್ಚಿತ್ತವನ್ನು ಕುರ್‌ಆನ್ ತಿಳಿಸಿಕೊಟ್ಟಿದೆ. ಅದರಲ್ಲಿ ಮೊದಲನೆಯದು, ನಾವು ನಮ್ಮ ಮನೆಯವರಿಗೆ ಉಣಿಸುವ ಸಾಧಾರಣ ಊಟವನ್ನು ಹತ್ತು ಮಂದಿ ಬಡವರಿಗೆ ಉಣಿಸುವುದು. ಮಾತು ಮುರಿದವನಿಗೂ ಧರ್ಮ ತೋರಿಸುವ ದಾರಿ ಹೀಗಿರುವಾಗ, ರೋಗಿಗೆ ನಾವು ತೋರಿಸುವ ಮುಖ ಮಾತ್ರ ಅದಕ್ಕಿಂತ ಕಠಿಣವಾಗಿರಬೇಕೇ?

ಹಾಗಾದರೆ ರೋಗಿಯಿಂದ ಏನನ್ನೂ ಕೇಳಬಾರದೇ? ಕೇಳಬಹುದು. ‘ಇನ್ನೆಂದೂ ಬೀಳುವುದಿಲ್ಲ’ ಎಂಬುದು ಆಕೆಯ ಕೈಯಲ್ಲಿಲ್ಲ. ‘ಕಾಲು ಜಾರುತ್ತಿದೆ ಎನಿಸಿದರೆ ಹೇಳುತ್ತೇನೆ’ ಎಂಬುದು ಬಹುಮಟ್ಟಿಗೆ ಆಕೆಯ ಕೈಯಲ್ಲಿದೆ. ಆದರೆ ಆ ಮಾತನ್ನು ಆಕೆ ಉಳಿಸಿಕೊಳ್ಳಬೇಕಾದರೆ ಮನೆಯವರೂ ಒಂದು ಮಾತು ಕೊಡಬೇಕು: ‘ನೀನು ಹೇಳಿದ ದಿನ ನಾವು ಸಿಟ್ಟಾಗುವುದಿಲ್ಲ.’ ಈ ಎರಡನೆಯ ಮಾತನ್ನು ಕೊಡಲು ಸಿದ್ಧರಿಲ್ಲದವರು ಮೊದಲನೆಯದನ್ನು ಕೇಳಬಾರದು.

ಹಾಗಾದರೆ ಹೊಣೆಯೇ ಇಲ್ಲವೇ?

ಇಲ್ಲಿ ನ್ಯಾಯವಾದ ಒಂದು ಆಕ್ಷೇಪ ಏಳುತ್ತದೆ. ಎಲ್ಲವನ್ನೂ ಕಾಯಿಲೆಯೆಂದುಬಿಟ್ಟರೆ ಮನುಷ್ಯನ ಪ್ರಯತ್ನಕ್ಕೆ ಬೆಲೆಯೇನು? ‘ನನ್ನದೇನೂ ತಪ್ಪಿಲ್ಲ’ ಎಂದು ರೋಗಿ ಕೈಚೆಲ್ಲಿ ಕೂರುವುದಿಲ್ಲವೇ?

ತಪ್ಪು ಮತ್ತು ಹೊಣೆ ಎಂಬ ಎರಡು ಪದಗಳನ್ನು ನಾವು ಒಂದೇ ಎಂದುಕೊಂಡಿರುವುದರಿಂದ ಈ ತೊಡಕು. ಸಕ್ಕರೆ ಕಾಯಿಲೆ ಬಂದದ್ದಕ್ಕೆ ರೋಗಿಯನ್ನು ಅಪರಾಧಿಯೆನ್ನುವುದಿಲ್ಲ. ಆದರೆ ಇನ್ಸುಲಿನ್ ತೆಗೆದುಕೊಳ್ಳುವ ಹೊಣೆ ಅವನದೇ. ಒಂದು ದಿನ ಸಕ್ಕರೆ ಏರಿದರೆ ಅವನು ಹೊಣೆಗೇಡಿಯಾಗಲಿಲ್ಲ, ಮರುದಿನ ಮತ್ತೆ ಮದ್ದಿಗೆ ಮರಳಬೇಕು, ಅಷ್ಟೆ. ಪ್ರವಾದಿವರ್ಯರು(ಸ) ಚಿಕಿತ್ಸೆ ಪಡೆಯುವಂತೆ ಆದೇಶಿಸಿದ್ದಾರೆ. ಅಲ್ಲಾಹನು ಇಳಿಸಿದ ಪ್ರತಿಯೊಂದು ರೋಗಕ್ಕೂ ಮದ್ದನ್ನು ಇಳಿಸಿದ್ದಾನೆಂದು ಕಲಿಸಿದ್ದಾರೆ. ಆದ್ದರಿಂದ ರೋಗಿಯ ಹೊಣೆ ಬೀಳದಿರುವುದರಲ್ಲಿಲ್ಲ, ಮದ್ದಿನ ಕಡೆಗೆ ಮತ್ತೆ ಮತ್ತೆ ಮುಖ ತಿರುಗಿಸುವುದರಲ್ಲಿದೆ. ಅದಕ್ಕೂ ಶಕ್ತಿಯಿಲ್ಲದ ದಿನ ಆ ಹೊಣೆಯ ಒಂದು ತುದಿಯನ್ನು ಹಿಡಿಯುವುದು ಮನೆಯವರ ಕರ್ತವ್ಯ.

ಪಾಪ ಮಾಡಿದವನು ಪಶ್ಚಾತ್ತಾಪಪಟ್ಟು, ಮತ್ತೆ ಪಾಪ ಮಾಡಿ, ಮತ್ತೆ ಪಶ್ಚಾತ್ತಾಪಪಟ್ಟರೂ ಅವನ ಪ್ರಭು ಅವನನ್ನು ಮತ್ತೆ ಮತ್ತೆ ಕ್ಷಮಿಸುತ್ತಾನೆಂಬ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಪಾಪಿಯ ವಿಷಯದಲ್ಲೇ ಹೀಗಿರುವಾಗ, ಪಾಪವನ್ನೇ ಮಾಡದ ರೋಗಿಯ ಮರಳುವಿಕೆಯನ್ನು ನಾವು ಎಣಿಸುತ್ತಾ ಕೂರುವುದೇಕೆ?

ಒಂದೇ ಹಸಿವು, ಎರಡು ಅರ್ಥ

ನಮ್ಮ ಸಮುದಾಯದಲ್ಲಿ ಈ ಪ್ರಶ್ನೆ ಅತ್ಯಂತ ತೀಕ್ಷ್ಣವಾಗುವುದು ರಮಝಾನ್ ತಿಂಗಳಲ್ಲಿ. ಹೊರಗಿನಿಂದ ನೋಡಿದರೆ ಉಪವಾಸಿಗನೂ ಈ ರೋಗಿಯೂ ಮಾಡುವುದು ಒಂದನ್ನೇ, ಉಣ್ಣದಿರುವುದು. ಆದ್ದರಿಂದಲೇ ಉಪವಾಸ ಈ ರೋಗಕ್ಕೆ ಚೆನ್ನಾದ ಮುಸುಕಾಗಬಲ್ಲದು. ‘ಮಾಶಾ ಅಲ್ಲಾಹ್, ಎಷ್ಟು ಸುನ್ನತ್ ಉಪವಾಸ ಹಿಡಿಯುತ್ತಾಳೆ’ ಎಂದು ನಾವು ಹೊಗಳುತ್ತಿರುವಾಗಲೇ ಒಳಗೆ ರೋಗ ಬಲಿಯುತ್ತಿರಬಹುದು.

ಇವೆರಡನ್ನೂ ಬೇರ್ಪಡಿಸುವ ಗೆರೆ ಎಲ್ಲಿದೆ? ಉಪವಾಸಿಗನಿಗೆ ಎರಡು ಸಂತೋಷಗಳಿವೆ, ಒಂದು ಉಪವಾಸ ಬಿಡುವಾಗ, ಇನ್ನೊಂದು ತನ್ನ ಪ್ರಭುವನ್ನು ಭೇಟಿಯಾಗುವಾಗ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಇಫ್ತಾರ್‌ಗೆ ಅವಸರಿಸಬೇಕು, ಸಹರಿಯನ್ನು ಬಿಡಬಾರದು, ಈದ್ ದಿನ ಉಪವಾಸ ಹಿಡಿಯಲೇಬಾರದು. ಅಂದರೆ ಇಸ್ಲಾಮಿನಲ್ಲಿ ಉಪವಾಸವೆಷ್ಟು ಆರಾಧನೆಯೋ ಅದನ್ನು ಬಿಡುವುದೂ ಅಷ್ಟೇ ಆರಾಧನೆ. ಮಗ್‌ರಿಬ್ ಬಾಂಗ್ ಕೇಳಿದಾಗ ಸಂತೋಷದ ಬದಲು ಭಯ ಹುಟ್ಟುವುದಾದರೆ, ಖರ್ಜೂರ ಕೈಯಲ್ಲಿ ಹಿಡಿದಾಗ ಬಿಸ್ಮಿಲ್ಲಾಹ್‌ಗಿಂತ ಮೊದಲು ತೂಕದ ಮುಳ್ಳು ನೆನಪಾಗುವುದಾದರೆ, ಆ ಹಸಿವು ರಮಝಾನಿನದ್ದಲ್ಲ, ರೋಗದ್ದು.

ಇಮಾಮ್ ಗಝ್ಝಾಲಿಯವರು(ರಹ್ಮತುಲ್ಲಾಹಿ ಅಲೈಹಿ) ಇಹ್ಯಾದಲ್ಲಿ ಹಸಿವಿನ ಹಿರಿಮೆಯನ್ನು ವಿಸ್ತಾರವಾಗಿ ಬರೆದವರು. ಆದರೆ ಅದೇ ಅಧ್ಯಾಯದಲ್ಲಿ ಅವರು ಹಸಿವು ಎಲ್ಲರಿಗೂ ಒಂದೇ ಅಳತೆಯ ಮದ್ದಲ್ಲವೆಂದೂ, ಗುರಿ ಮಧ್ಯಮ ಸ್ಥಿತಿಯೆಂದೂ, ಹೊಟ್ಟೆಯ ಭಾರವೂ ಹಸಿವಿನ ನೋವೂ ಅರಿವಿಗೆ ಬಾರದಂತೆ ಉಣ್ಣುವುದು ಸಮಸ್ಥಿತಿಯ ಮನುಷ್ಯನಿಗೆ ಉತ್ತಮವೆಂದೂ ತಿಳಿಸಿದ್ದಾರೆ. ಹಸಿವನ್ನು ಹೊಗಳುವ ಅರ್ಧವನ್ನು ಓದಿ ಈ ಅರ್ಧವನ್ನು ಬಿಡುವುದು ಆ ಮಹನೀಯರಿಗೆ ನ್ಯಾಯವಲ್ಲ.

ರೋಗಿ ಬೇರೆ ದಿನಗಳಲ್ಲಿ ಉಪವಾಸವನ್ನು ಪೂರ್ತಿಗೊಳಿಸಲಿ ಎಂಬ ರಿಯಾಯಿತಿ ಕುರ್‌ಆನಿನದೇ. ಗುಣವಾಗುವ ನಿರೀಕ್ಷೆಯೇ ಇಲ್ಲದವರಿಗೆ ಫಿದ್ಯಾ ಇದೆ. ಉಪವಾಸದಿಂದ ಜೀವಕ್ಕೆ ಹಾನಿಯೆಂದು ಖಾತ್ರಿಯಿದ್ದರೆ ಉಪವಾಸ ಹಿಡಿಯುವುದೇ ತಪ್ಪು ಎಂದು ಉಲಮಾಗಳು ಹೇಳಿದ್ದಾರೆ. ಈ ರೋಗದಲ್ಲಿ ಇನ್ನೊಂದು ಸೂಕ್ಷ್ಮವಿದೆ. ರಮಝಾನಿನಲ್ಲಿ ಬಿಟ್ಟ ಉಪವಾಸವನ್ನು ಶವ್ವಾಲಿನಲ್ಲೇ ಅವಸರದಿಂದ ಕಝಾ ಮಾಡಹೊರಟರೆ ಅದೇ ಮರುಕಳಿಕೆಗೆ ದಾರಿಯಾಗಬಹುದು. ಆದ್ದರಿಂದ ಯಾವಾಗ, ಹೇಗೆ ಎಂಬುದನ್ನು ವೈದ್ಯರು ಮತ್ತು ತಿಳಿದ ಆಲಿಮರು ಇಬ್ಬರನ್ನೂ ಕೇಳಿ ನಿರ್ಧರಿಸಬೇಕು.

ನನ್ನಂತಹ ಮದರಸ ಅಧ್ಯಾಪಕರಿಗೂ ಖತೀಬರಿಗೂ ಇಲ್ಲಿ ಒಂದು ಎಚ್ಚರಿಕೆಯಿದೆ. ಅಬೂದಾವೂದ್‌ನಲ್ಲಿ ಒಂದು ಘಟನೆ ಬರುತ್ತದೆ. ಪ್ರಯಾಣದಲ್ಲಿ ತಲೆಗೆ ಪೆಟ್ಟಾಗಿದ್ದ ಒಬ್ಬರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್‌ನ ರಿಯಾಯಿತಿ ಇದೆಯೇ ಎಂದು ಅವರು ಸಂಗಡಿಗರನ್ನು ಕೇಳಿದರು. ಇಲ್ಲವೆಂದು ಅವರು ತೀರ್ಪು ಕೊಟ್ಟರು. ಆ ವ್ಯಕ್ತಿ ಸ್ನಾನ ಮಾಡಿದರು, ಮರಣ ಹೊಂದಿದರು. ಸುದ್ದಿ ತಿಳಿದ ಪ್ರವಾದಿವರ್ಯರು(ಸ) ತೀವ್ರವಾಗಿ ಕೋಪಗೊಂಡರು. ತಿಳಿಯದಿದ್ದಾಗ ಕೇಳಬೇಕಿತ್ತು, ಅಜ್ಞಾನಕ್ಕೆ ಮದ್ದು ಕೇಳುವುದು ಎಂದು ಬೋಧಿಸಿದರು. ಹೊರಗೆ ಗಾಯ ಕಾಣದ ಒಬ್ಬಳು ಬಂದು ‘ಉಸ್ತಾದರೇ, ನಾನು ಉಪವಾಸ ಬಿಡಬಹುದೇ?’ ಎಂದು ಕೇಳಿದಾಗ ‘ನಡೆದಾಡುತ್ತಿದ್ದೀಯಲ್ಲ, ನಿನಗೇನಾಗಿದೆ?’ ಎನ್ನುವ ಮೊದಲು ಆ ಗಾಯಾಳುವನ್ನು ನೆನೆಯೋಣ.

ಜತೆಗೂಡಿ ಉಣ್ಣುವುದು

ಮನೆಯವರು ಮಾಡಬಹುದಾದುದೇನು? ಬುಖಾರಿಯಲ್ಲಿರುವ ಒಂದು ವೃತ್ತಾಂತ ನಮಗೆ ದಾರಿ ತೋರಿಸುತ್ತದೆ. ಹಝ್ರತ್ ಸಲ್ಮಾನ್(ರ) ತಮ್ಮ ಸಹೋದರನಂತಿದ್ದ ಹಝ್ರತ್ ಅಬುದ್ದರ್ದಾ(ರ)ರ ಮನೆಗೆ ಹೋದರು. ಅಬುದ್ದರ್ದಾ ಅತಿಥಿಗೆ ಊಟ ಬಡಿಸಿ, ತಾನು ಉಪವಾಸವಿರುವುದಾಗಿ ತಿಳಿಸಿದರು. ಅವರು ಉಪವಾಸ, ನಮಾಝ್‌ಗಳಲ್ಲಿ ಮಿತಿಮೀರಿ ತನ್ನನ್ನೂ ಮನೆಯವರನ್ನೂ ಮರೆತಿದ್ದರು. ಸಲ್ಮಾನ್ ಬಯ್ಯಲಿಲ್ಲ, ಉಪದೇಶವನ್ನೂ ಮೊದಲಿಗೆ ಆರಂಭಿಸಲಿಲ್ಲ. ನೀವು ಉಣ್ಣದೆ ನಾನೂ ಉಣ್ಣುವುದಿಲ್ಲವೆಂದು ಕುಳಿತುಬಿಟ್ಟರು. ಅಬುದ್ದರ್ದಾ ಐಚ್ಛಿಕ ಉಪವಾಸ ಮುರಿದು ಜತೆಗೆ ಉಂಡರು. ಪ್ರಭುವಿಗೆ, ದೇಹಕ್ಕೆ, ಮನೆಯವರಿಗೆ ಎಲ್ಲರಿಗೂ ನಿಮ್ಮ ಮೇಲೆ ಹಕ್ಕಿದೆಯೆಂಬ ಉಪದೇಶ ಬಂದದ್ದು ಆಮೇಲೆ. ಸಲ್ಮಾನ್ ಹೇಳಿದ್ದು ನಿಜವೆಂದು ಪ್ರವಾದಿವರ್ಯರು(ಸ) ಸಮ್ಮತಿಸಿದರು.

ಅಬುದ್ದರ್ದಾ(ರ) ರೋಗಿಯಾಗಿರಲಿಲ್ಲ. ಆದರೆ ಕ್ರಮವನ್ನು ಗಮನಿಸಿರಿ: ಮೊದಲು ಜತೆಗೆ ಕೂರುವುದು, ಬಳಿಕ ಮಾತು. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ತಟ್ಟೆಯನ್ನು ಮುಂದಿಟ್ಟು, ಎದುರು ನಿಂತು, ತುತ್ತುಗಳನ್ನು ಎಣಿಸುತ್ತೇವೆ. ರೋಗಿಗೆ ಬೇಕಾದದ್ದು ಕಾವಲುಗಾರನಲ್ಲ, ಪಕ್ಕದಲ್ಲಿ ಕೂತು ಅದೇ ಅನ್ನವನ್ನು ತಾನೂ ಉಣ್ಣುತ್ತಾ ಬೇರೆ ನಾಲ್ಕು ಮಾತಾಡುವ ಒಬ್ಬ ಮನುಷ್ಯ. ರಮಝಾನ್ ಮಧ್ಯಾಹ್ನ ನಮ್ಮ ಮನೆಗಳಲ್ಲಿ ಒಲೆ ಉರಿಯುವುದಿಲ್ಲ. ಅಂತಹ ಮಧ್ಯಾಹ್ನ ಸೊಸೆಗಾಗಿ ಒಲೆ ಹಚ್ಚಿ, ಬಾಗಿಲು ಮುಂದೆ ಮಾಡಿ, ‘ಬಾ ಮಗಳೇ, ಇದು ನಿನ್ನ ಪಾಲಿನ ಇಬಾದತ್’ ಎಂದು ಬಡಿಸಿ ಹತ್ತಿರ ಕೂರುವ ಅತ್ತೆಗೆ ಸಿಗುವ ಪ್ರತಿಫಲವನ್ನು ಲೆಕ್ಕ ಹಾಕಬಲ್ಲವನು ಅಲ್ಲಾಹನೊಬ್ಬನೇ.

ಮದುವೆ ಮನೆಗಳಲ್ಲಿ ನಾವಾಡುವ ಮಾತುಗಳ ಬಗ್ಗೆಯೂ ಎಚ್ಚರವಿರಲಿ. ‘ಎಷ್ಟು ಸಪೂರ ಆಗಿದ್ದೀ!’, ‘ಈಗ ಸ್ವಲ್ಪ ತೋರ ಆಗಿದ್ದೀಯಲ್ಲ, ಒಳ್ಳೆಯದಾಯಿತು.’ ಆಡುವವರಿಗೆ ಇದು ಕುಶಲೋಪರಿ. ಚೇತರಿಸುತ್ತಿರುವವರಿಗೆ ಎರಡನೆಯ ಮಾತೂ ಮೊದಲನೆಯದರಷ್ಟೇ ಚುಚ್ಚುತ್ತದೆ. ಹಝ್ರತ್ ಇಬ್ನು ಮಸ್‌ಊದ್(ರ)ರ ತೆಳ್ಳಗಿನ ಕಾಲುಗಳನ್ನು ಕಂಡು ಕೆಲವರು ನಕ್ಕಾಗ, ಅಂತಿಮ ದಿನದ ತಕ್ಕಡಿಯಲ್ಲಿ ಆ ಕಾಲುಗಳು ಉಹುದ್ ಪರ್ವತಕ್ಕಿಂತ ಭಾರವೆಂದು ಪ್ರವಾದಿವರ್ಯರು(ಸ) ತಿಳಿಸಿದರು. ವಿಶ್ವಾಸಿಯ ತೂಕ ನೋಡುವ ತಕ್ಕಡಿ ಯಾವುದೆಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಇದರ ಜತೆಗೆ ವೈದ್ಯಕೀಯ ನೆರವನ್ನು ಬಿಡಬಾರದು. ಬಹಳ ದಿನ ಉಣ್ಣದಿದ್ದವರಿಗೆ ಒಮ್ಮೆಲೇ ಒತ್ತಾಯಿಸಿ ಉಣಿಸುವುದೂ ಅಪಾಯ. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಇವನ್ನು ನೋಡಿಕೊಳ್ಳಲು ವೈದ್ಯರೇ ಬೇಕು. ಮನೋವೈದ್ಯರು, ಆಪ್ತಸಮಾಲೋಚಕರು, ಆಹಾರ ತಜ್ಞರು ಕೂಡಿ ಮಾಡುವ ಚಿಕಿತ್ಸೆಯಿದು. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಯಿದೆ. 2022ರ ಅಕ್ಟೋಬರ್‌ನಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ‘ಬದುಕು ಸಾಕು’ ಎಂಬ ಮಾತು ರೋಗಿಯ ಬಾಯಿಂದ ಬಂದರೆ ಅದನ್ನು ಹಗುರವಾಗಿ ಕಾಣದೆ ಅಂದೇ ವೈದ್ಯರನ್ನು ಕಾಣಬೇಕು. ಮಂತ್ರಿಸಿದ ನೀರು ಕೊಟ್ಟರೆ ಸಾಕೆಂದು ಕೂರುವವರು, ದುಆ ಮದ್ದಿಗೆ ಬದಲಿಯಲ್ಲ, ಮದ್ದಿನ ಸಂಗಾತಿಯೆಂಬುದನ್ನು ಅರಿಯಬೇಕು.

ಈ ಪುಟವನ್ನು ಓದುತ್ತಿರುವವರಲ್ಲಿ ಒಬ್ಬರಾದರೂ ಈ ಕಾಯಿಲೆಯನ್ನು ಯಾರಿಗೂ ಹೇಳದೆ ಹೊತ್ತು ನಡೆಯುತ್ತಿರಬಹುದು. ಅವರಿಗೆ ಒಂದು ಮಾತು. ನೀವು ಮತ್ತೆ ಬಿದ್ದಿದ್ದರೆ, ಮೊದಲು ಗುಣವಾಗಿದ್ದ ತಿಂಗಳುಗಳು ಸುಳ್ಳಾಗಲಿಲ್ಲ. ಆಗ ಉಂಡ ಒಂದೊಂದು ತುತ್ತೂ, ಅದಕ್ಕಾಗಿ ನೀವು ಪಟ್ಟ ಕಷ್ಟವೂ ಅಲ್ಲಾಹನ ಬಳಿ ದಾಖಲಾಗಿದೆ. ಅಣುವಿನಷ್ಟು ಒಳಿತನ್ನೂ ಅವನು ವ್ಯರ್ಥಗೊಳಿಸುವುದಿಲ್ಲ. ಇಂದು ಒಬ್ಬರಿಗಾದರೂ ಹೇಳಿರಿ. ತಾಯಿಗೆ, ಗಂಡನಿಗೆ, ಅಕ್ಕನಿಗೆ, ವೈದ್ಯರಿಗೆ. ಇಂದಿನ ಒಂದು ಊಟದಿಂದ ಆರಂಭಿಸಿರಿ. ನಾಳಿನದನ್ನು ನಾಳೆ ನೋಡೋಣ.

ಮತ್ತೆ ಮತ್ತೆ ಬೀಳುವವರಿಗೆ ಮತ್ತೆ ಮತ್ತೆ ಏಳುವ ಶಕ್ತಿಯನ್ನೂ, ಅವರ ಪಕ್ಕದಲ್ಲಿರುವ ನಮಗೆ ದಣಿಯದ ಕೈಯನ್ನೂ, ನೋಯಿಸದ ನಾಲಿಗೆಯನ್ನೂ ಅಲ್ಲಾಹನು ಅನುಗ್ರಹಿಸಲಿ. ಆಮೀನ್.